ಒಂದೇ ಕೈಬರಹದ ಎರಡು ಅರ್ಜಿಗಳು

ಕರೆಂಟು ಹೋದಾಗಲೆಲ್ಲ ಪಕ್ಕದ ಮನೆಯವರು ಜನರೇಟರ್ ಶುರುಮಾಡುತ್ತಾರೆ. ಅದರ ಹೊಗೆ ಕಾಂಪೌಂಡು ಹಾರಿ ನೆಟ್ಟಗೆ ನಮ್ಮ ಜಗುಲಿಗೇ ಬರುತ್ತದೆ. ನನ್ನ ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಓಡುತ್ತಾಳೆ. ನಾನು ಮಾತ್ರ ಕುರ್ಚಿಗೆ ಒರಗಿಕೊಂಡು ಉಸಿರೆಳೆದುಕೊಳ್ಳುತ್ತೇನೆ. ನಗಬೇಡಿ, ಡೀಸೆಲ್ ವಾಸನೆ ಬಂದರೆ ನನಗೆ ಹಸಿವಾಗುತ್ತದೆ. ಇವತ್ತು ಬೆಳಿಗ್ಗೆಯೂ ಹಾಗೇ ಆಗಿ, ತಿನ್ನಲು ಏನಾದರೂ ಇದೆಯೇ ಎಂದು ಕೇಳಿದೆ. "ಈಗಷ್ಟೇ ನಾಲ್ಕು ದೋಸೆ ತಿಂದ್ರಲ್ರೀ!" ಎಂದು ಅವಳು ಒಳಗಿನಿಂದಲೇ ಗದರಿದಳು. ದೋಸೆಗೂ ಈ ಹಸಿವಿಗೂ ಸಂಬಂಧವಿಲ್ಲವೆಂದು ಅವಳಿಗೆ ಹೇಗೆ ಹೇಳುವುದು? ಇದು ಲಾಂಚಿನ ಹಸಿವು.

ನಾನು ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆ ಕಡೆಯವನು. ಎಪ್ಪತ್ತರ ದಶಕದ ಕೊನೆಯಲ್ಲಿ ಮೇಷ್ಟರ ಕೆಲಸದ ಆರ್ಡರ್ ಬಂದಾಗ ಹೊಸನಗರವಾದರೂ ಸಿಗಲಿ ಎಂದು ದೇವರಿಗೆ ಹರಕೆ ಹೊತ್ತಿದ್ದೆ. ದೇವರು ನನ್ನನ್ನು ಶರಾವತಿ ಹಿನ್ನೀರಿನ ಆಚೆ, ತುಮರಿಗಿಂತಲೂ ಒಳಗಿನ ಒಂದು ಶಾಲೆಗೆ ಹಾಕಿದ. ಶನಿವಾರ ಸಾಗರಕ್ಕೆ, ಸೋಮವಾರ ವಾಪಸು. ಎರಡೂ ಸಲ ಲಾಂಚಿನಲ್ಲೇ ನೀರು ದಾಟಬೇಕು. ಲಾಂಚು ನಿಲ್ಲುತ್ತಿದ್ದ ಜಾಗಕ್ಕೆ ಕಲ್ಲುಗದ್ದೆ ಕಡವು ಎಂದು ಹೆಸರು. ಕಡವು ಎಂದರೆ ದೊಡ್ಡದೇನೂ ಅಲ್ಲ. ದಡದಲ್ಲೊಂದು ಕಂಬ, ಗುಡ್ಡದ ಮೇಲೆ ಹದಿನಾಲ್ಕು ಮನೆ, ನೀರಂಚಿನಲ್ಲಿ ಚೌಡಮ್ಮನ ಹೋಟ್ಲು.

ಚೌಡಮ್ಮನಿಗೆ ಆಗ ಐವತ್ತರ ಆಸುಪಾಸು. ಗಂಡ ಇಲ್ಲ. ದೂರದಲ್ಲಿ ಲಾಂಚಿನ ಹಾರನ್ ಕೇಳಿದ ಕೂಡಲೇ ಬಾಣಲೆಗೆ ಎಣ್ಣೆ ಹುಯ್ಯುತ್ತಿದ್ದಳು. ಲಾಂಚು ದಡ ಮುಟ್ಟುವಾಗ ಅದರ ಡೀಸೆಲ್ ಹೊಗೆಯೂ ಅವಳ ಅವಲಕ್ಕಿ ಒಗ್ಗರಣೆಯ ಘಾಟೂ ಒಟ್ಟಿಗೇ ಮೂಗಿಗೆ ಬರುತ್ತಿದ್ದವು. ನನ್ನ ಮೂಗು ಹಾಳಾದದ್ದು ಅಲ್ಲಿಯೇ.

ಆ ಹೋಟ್ಲಿಗೆ ಒಂದು ವಿಶೇಷವಿತ್ತು, ಅದು ನಡೆಯುತ್ತಿತ್ತು. ಬೇಸಿಗೆಯಲ್ಲಿ ಹಿನ್ನೀರು ಇಳಿಯುತ್ತಾ ಹೋದಂತೆ ದಡ ಹಿಂದೆ ಉಳಿಯುತ್ತದಲ್ಲ, ಲಾಂಚು ನಿಲ್ಲುವ ಜಾಗವೂ ವಾರವಾರ ಕೆಳಗೆ ಹೋಗುತ್ತದೆ. ಅದರ ಜೊತೆ ಹೋಟ್ಲೂ ಇಳಿಯುತ್ತಿತ್ತು. ನಾಲ್ಕು ಗೂಟ, ಅಡಿಕೆ ಸೋಗೆ ಹೊದಿಸಿದ ಮಾಡು, ಎರಡು ಬೆಂಚು, ಒಲೆಯ ಕಲ್ಲು. ಲಾಂಚಿನಿಂದ ಇಳಿದವರೆಲ್ಲ ಒಂದೊಂದು ಸಾಮಾನು ಹೊರಲೇಬೇಕೆಂಬುದು ಅಲ್ಲಿನ ಕಟ್ಟಳೆ. ಹಿನ್ನೀರಿನಾಚೆಯ ದೇವಸ್ಥಾನಕ್ಕೆ ಹೊರಟ ದೂರದೂರಿನ ಯಾತ್ರಿಕರೂ, ಜೋಗ ನೋಡಿ ಹಾಗೇ ಇತ್ತ ಬಂದ ಪ್ಯಾಂಟಿನವರೂ ಬೆಂಚು ಹೊತ್ತಿದ್ದಾರೆ. ಹೊತ್ತ ಮೇಲೆ ಅದರ ಮೇಲೇ ಕೂರುತ್ತಿದ್ದರು. ಎತ್ತಿನ ಗಾಡಿ ಬರುವವರೆಗೆ ಊರಿನವರೊಡನೆ ಹರಟಿ, ಏಳುವ ಹೊತ್ತಿಗೆ ನೆಂಟರಾಗಿರುತ್ತಿದ್ದರು.

ಅವಳು ಹೋಟ್ಲನ್ನು ನೆಟ್ಟಗೆ ಕೆಳಗೆ ಇಳಿಸುತ್ತಿರಲಿಲ್ಲ. ಒಂದು ವಾರ ಎಡಕ್ಕೆ, ಇನ್ನೊಂದು ವಾರ ತುಸು ಬಲಕ್ಕೆ. ಲಾಂಚಿನ ಡ್ರೈವರ್ ಹಸನ್ ಸಾಬರು ಅವಳ ಒಲೆಯ ಹೊಗೆ ನೋಡಿಕೊಂಡೇ ಲಾಂಚು ತರುತ್ತಿದ್ದರು. ಯಾಕೆಂದು ನಾನೊಮ್ಮೆ ಕೇಳಿದೆ.

"ಅಡೀಲಿ ನಮ್ ಊರು ಐತಲ್ಲ ಮೇಷ್ಟ್ರೇ" ಎಂದಳು. "ಮುಳುಗಡೆ ಟೈಮಲ್ಲಿ ಮರ ಕಡ್ದೋರು ಬೊಡ್ಡೆ ಅಲ್ಲೇ ಬಿಟ್ ಹೋದ್ರು. ಲಾಂಚ್ ಬೊಡ್ಡೆ ಮೇಲೆ ಕೂತ್ರೆ ಮುಗೀತು. ಗದ್ದೇಲಿ ಬೊಡ್ಡೆ ಇರಾದಿಲ್ಲ. ಅದ್ಕೆ ನಾವ್ ಗೇಣಿ ಮಾಡ್ತಿದ್ ಗದ್ದೆ ಮೇಲೇ ಬರಂಗೆ ಒಲೆ ಹೂಡ್ತೀನಿ."

ಎಲಾ ಇವಳ! ನಾನು ಎರಡು ವರ್ಷದಿಂದ ತಿಂದದ್ದು ಒಂದು ದಾರಿದೀಪದ ಕೆಳಗೆ ಕೂತು ಎಂದು ನನಗೆ ಗೊತ್ತೇ ಇರಲಿಲ್ಲ.

ಇನ್ನು ನನ್ನ ಘನಕಾರ್ಯಕ್ಕೆ ಬರುತ್ತೇನೆ. ನನ್ನ ಅಕ್ಷರ ಮುತ್ತಿನಂತಿದೆ ಎಂದು ಆ ಸೀಮೆಯಲ್ಲೆಲ್ಲ ಹೆಸರಾಗಿತ್ತು. ಯಾರಿಗೆ ಯಾವ ಅರ್ಜಿ ಬೇಕಾದರೂ ನಾನೇ ಬರೆಯಬೇಕು. ನನಗೂ ಅದೊಂದು ಚಟ. ಎಂಬತ್ತರ ದಶಕ ಶುರುವಾಗಿತ್ತು, ಅದೇ ದಡದಲ್ಲಿ ಮೂರು ಮೈಲಿ ಆಚೆಯ ಗುಡ್ಡೆಮೂಲೆಯವರೆಗೆ ಜೀಪು ಬರುವಂಥ ರಸ್ತೆ ಆಗಿತ್ತು. ಲಾಂಚನ್ನು ತಮ್ಮಲ್ಲಿಗೇ ತಿರುಗಿಸಬೇಕೆಂದು ಅಲ್ಲಿಯವರು ಅರ್ಜಿ ಬರೆಸಲು ಬಂದರು. ಕಲ್ಲುಗದ್ದೆಯಿಂದ ನನ್ನ ಶಾಲೆಗೆ ನಾಲ್ಕು ಮೈಲಿ ನಡಿಗೆ, ಗುಡ್ಡೆಮೂಲೆಯಿಂದ ಒಂದೇ ಮೈಲಿ. ಕೈ ತಾನಾಗಿಯೇ ಓಡಿತು. 'ಕಲ್ಲುಗದ್ದೆ ಕಡವು ಕೇವಲ ಕೆಸರಿನ ಗುಂಡಿಯಾಗಿದ್ದು, ನಾಗರಿಕರು ಕಾಲಿಡಲು ಅಯೋಗ್ಯವಾಗಿರುತ್ತದೆ' ಎಂದು ಬರೆದು, ಆ ವಾಕ್ಯವನ್ನು ನಾನೇ ಎರಡು ಸಲ ಓದಿ ಮೆಚ್ಚಿಕೊಂಡೆ.

ಸುದ್ದಿ ಕಲ್ಲುಗದ್ದೆಗೆ ಮುಟ್ಟಿತು. ಮುಂದಿನ ವಾರ ಅವಲಕ್ಕಿ ಕೊಡುತ್ತಾ ಚೌಡಮ್ಮ, "ಲಾಂಚ್ ಇಲ್ಲಿಂದ ತೆಗೀತಾರಂತೆ. ನಮ್ಮ ಕಡೆಯಿಂದ್ಲೂ ಒಂದ್ ಅರ್ಜಿ ಬರ್ಕೊಡಿ ಮಾರಾಯ್ರೇ" ಎಂದಳು. ಆಗಲೇ ಬಾಯಿಬಿಡಬೇಕಿತ್ತು. ಬಿಡಲಿಲ್ಲ. ಹೇಳಲು ಧೈರ್ಯ ಸಾಲದೆ ಎರಡನೆಯ ಅರ್ಜಿಯನ್ನೂ ಬರೆದೆ. 'ಕಲ್ಲುಗದ್ದೆ ಕಡವು ಪ್ರಕೃತಿಯೇ ಕೊಟ್ಟ ವರವಾಗಿದ್ದು…' ಅಬ್ಬಬ್ಬಾ, ನನ್ನ ಕೈಗೆ ನಾಚಿಕೆ ಎಂಬುದೇ ಇರಲಿಲ್ಲ.

ಮಳೆಗಾಲ ಮುಗಿದು ಹಿನ್ನೀರು ತುಂಬಿ ನಿಂತಿದ್ದಾಗ ಲಾಂಚು ನಡೆಸುವ ಇಲಾಖೆಯ ಸಾಹೇಬರು ಸ್ಥಳ ನೋಡಲು ಬಂದರು. ಚೌಡಮ್ಮನ ಬೆಂಚಿನ ಮೇಲೆ ಎರಡೂ ಅರ್ಜಿಗಳನ್ನು ಅಕ್ಕಪಕ್ಕ ಹರಡಿ, "ಇದೇನ್ರೀ ಇದು? ಗುಂಡಿ ಅಂದೋನೂ ವರ ಅಂದೋನೂ ಒಬ್ನೇನಾ? ಎರಡೂ ಒಂದೇ ಕೈಬರಹ!" ಎಂದು ಗಹಗಹಿಸಿ ನಕ್ಕರು. ಊರಿನವರೆಲ್ಲ ನನ್ನನ್ನೇ ನೋಡಿದರು. ನಾನು ಚಹಾದ ಲೋಟದೊಳಗೆ ಇಣುಕಿದೆ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಚೌಡಮ್ಮ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಸಾಹೇಬರು ಹೋದ ಮೇಲೆ ನನ್ನ ಎದುರು ಬಂದು ನಿಂತಳು.

"ಅಲ್ಲಿನೋರಿಗೆ ಬರ್ಕೊಟ್ಟಿದ್ದು ತಪ್ಪಲ್ಲ ಮೇಷ್ಟ್ರೇ. ಅವ್ರಿಗೂ ಲಾಂಚ್ ಬೇಕು. ಆದ್ರೆ ನಮ್ದು ಕೆಸರಿನ ಗುಂಡಿ ಅಂತ ಬರ್ಯಾಕೆ ಮುಂಚೆ ನಮ್ಮನ್ನ ಒಂದ್ ಮಾತು ಕೇಳ್ಬೇಕಿತ್ತು. ವಾರಕ್ಕೆರಡ್ ಸಲ ಇಲ್ಲೇ ಕೂತು ತಿಂತಿದ್ರಲ್ಲ."

ಆದೇಶ ಗುಡ್ಡೆಮೂಲೆಗೇ ಆಯಿತು. ತುಂಬಿದ ನೀರು ಎಲ್ಲ ಕಡೆಯೂ ಒಂದೇ ಥರ ಕಾಣುತ್ತದೆ, ಅಡಿಯಲ್ಲಿ ಏನಿದೆಯೆಂದು ಯಾರೂ ವಿಚಾರಿಸಲಿಲ್ಲ. ಗುಡ್ಡೆಮೂಲೆಯಲ್ಲಿ ತಿಂಗಳೊಳಗೆ ಮೂರು ಅಂಗಡಿ ಎದ್ದವು, ಬಣ್ಣದ ಸೋಡಾ ಬಂತು. ಲಾಂಚು ಇಳಿದ ಯಾತ್ರಿಕರು ಕಾದು ನಿಂತ ಜೀಪಿಗೆ ಹತ್ತಿ ಹೋಗಿಬಿಡುತ್ತಿದ್ದರು. ಬೆಂಚು ಹೊರುವುದಿರಲಿ, ಆ ಊರಿನ ಹೆಸರೂ ಅವರಿಗೆ ತಿಳಿಯುತ್ತಿರಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗ ಯಾಕೆ ಎನ್ನುತ್ತಾರಲ್ಲ, ಇವರಿಗೆ ದಾಟುವ ಮೊದಲೂ ಯಾರೂ ಬೇಕಾಗಿರಲಿಲ್ಲ. ನಾನೂ ಒಂದೇ ಮೈಲಿ ನಡೆದು ಶಾಲೆ ಸೇರುತ್ತಿದ್ದೆ. ಸುಖವಾಗಬೇಕಿತ್ತು. ಅತ್ತ ಕಲ್ಲುಗದ್ದೆಯಿಂದ ಬಸುರಿಯೊಬ್ಬಳನ್ನು ಕಂಬಳಿಯಲ್ಲಿ ಹೊತ್ತು ಮೂರು ಮೈಲಿ ತಂದು ಲಾಂಚು ಹತ್ತಿಸಿದ್ದನ್ನು ಕಣ್ಣಾರೆ ಕಂಡೆ. ಮುಂದಿನ ಮಳೆಗಾಲದೊಳಗೆ ಲಾಂಚು ಬರದಿದ್ದರೆ ಮನೆ ಬಿಟ್ಟು ಹೋಗುವುದೆಂದು ಅರ್ಧ ಊರು ಮಾತಾಡಿಕೊಳ್ಳುತ್ತಿತ್ತು. ಒಮ್ಮೆ ಮುಳುಗಿ ಎದ್ದ ಊರು ಅದು.

ಚೌಡಮ್ಮ ಮಾತ್ರ ದಿನಾ ಒಲೆ ಹಚ್ಚುತ್ತಿದ್ದಳಂತೆ. ಮಧ್ಯಾಹ್ನ ಪುಟ್ಟ ದೋಣಿ ತೆಗೆದುಕೊಂಡು, ಉದ್ದದ ಬಿದಿರು ಗಳ ಹಿಡಿದು ನೀರ ಮೇಲೆ ಅಲೆಯುತ್ತಿದ್ದಳಂತೆ. ಅವಳಿಗೆ ತಲೆ ಕೆಟ್ಟಿದೆ ಎಂದು ಗುಡ್ಡೆಮೂಲೆಯಲ್ಲಿ ನಕ್ಕರು. ನಾನು ನಗಲಿಲ್ಲ, ನೋಡಲು ಹೋಗುವ ಮುಖವೂ ನನಗಿರಲಿಲ್ಲ.

ಬೇಸಿಗೆ ಬಂತು, ನೀರು ಇಳಿಯಿತು. ಒಂದು ಸೋಮವಾರ ಬೆಳಿಗ್ಗೆ ಅದೇ ಸಾಹೇಬರು ತಪಾಸಣೆಗೆಂದು ನಮ್ಮ ಲಾಂಚಿನಲ್ಲೇ ಇದ್ದರು. ಗುಡ್ಡೆಮೂಲೆ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಿತ್ತು. ಧಡ್ ಎಂದು ಸದ್ದಾಗಿ ನಾವೆಲ್ಲ ಒಬ್ಬರ ಮೇಲೊಬ್ಬರು ಬಿದ್ದೆವು. "ಬೊಡ್ಡೆ ಮೇಲೆ ಕೂತ್ಕಂಡ್ತು" ಎಂದರು ಹಸನ್ ಸಾಬರು, ಇದನ್ನೇ ಕಾಯುತ್ತಿದ್ದವರ ಹಾಗೆ. ಲಾಂಚು ಒಂದು ಕಡೆ ವಾಲಿತು. ಮಕ್ಕಳು ಅಳತೊಡಗಿದವು. ಈಜು ಬಾರದ ನಾನು ಕಂಬಿ ತಬ್ಬಿಕೊಂಡು, ಅರ್ಜಿ ಬರೆದ ಕೈಯನ್ನೇ ಶಪಿಸಿದೆ.

ಕಲ್ಲುಗದ್ದೆ ಕಡೆಯಿಂದ ಎರಡು ದೋಣಿ ಬರುವುದು ಕಂಡಿತು. ಮೊದಲನೆಯದರಲ್ಲಿ ಗಳ ಹಿಡಿದು ನಿಂತಿದ್ದವಳು ಚೌಡಮ್ಮ. ಮಕ್ಕಳನ್ನು, ಮುದುಕರನ್ನು, ಹೆಂಗಸರನ್ನು ಸರದಿಯಲ್ಲಿ ದಡ ಮುಟ್ಟಿಸಿದಳು. ಭಾರ ಇಳಿದ ಮೇಲೆ ಗಂಡಸರು ಗಳ ಒತ್ತಿದರು, ಲಾಂಚು ಬೊಡ್ಡೆ ಬಿಟ್ಟು ತೇಲಿತು. ಆದರೆ ಮುಂದೆ ಯಾವ ಕಡೆ ಹೋಗುವುದು?

ಸಾಹೇಬರು ಬೆವರು ಒರೆಸಿಕೊಂಡು, ಲಾಂಚು ಹತ್ತಿ ಬಂದ ಚೌಡಮ್ಮನಿಗೆ, "ಗುಡ್ಡೆಮೂಲೆ ಸಹವಾಸವೇ ಬೇಡ. ನಾಳೆಯಿಂದ ನಿಮ್ಮ ಕಡವಿಗೇ ತರ್ತೀವಿ ಬಿಡಮ್ಮ" ಎಂದರು. ಅವಳು ಗೆದ್ದಳು ಎಂದು ನನಗೆ ಖುಷಿಯಾಯಿತು.

"ಹಂಗ್ ಮಾಡಿದ್ರೆ ಅಲ್ಲಿನೋರು ಎಂತ ಮಾಡ್ಬೇಕು?" ಎಂದಳು ಚೌಡಮ್ಮ. "ಅಲ್ಲಿಗೆ ಹೋಗಾಕೆ ದಾರಿ ಐತೆ. ನಮ್ ಹಳೇ ಗಾಡಿದಾರಿ. ಆರು ತಿಂಗ್ಳಿಂದ ಗಳ ಹಾಕಿ ನೋಡೀನಿ, ಒಂದೂ ಬೊಡ್ಡೆ ಇಲ್ಲ. ಅದು ನಮ್ ಕಡವು ಮುಟ್ಕಂಡೇ ಹೋಗ್ತದೆ. ತೋರಿಸ್ತೀನಿ. ಆದ್ರೆ ಹೋಗ್ತಾ ಒಂದ್ಸಲ, ಬರ್ತಾ ಒಂದ್ಸಲ ನಮ್ಮಲ್ಲಿ ನಿಲ್ಲಿಸ್ಬೇಕು. ದಿನಾ."

"ಆಯ್ತಮ್ಮ, ಆಯ್ತು."

"ಬಾಯ್ಮಾತು ಬ್ಯಾಡ. ಬರ್ಕೊಡಿ. ಅಗ, ಮೇಷ್ಟ್ರು ಇದಾರಲ್ಲ, ಚಂದ ಬರೀತಾರೆ." ನನ್ನ ಕಡೆ ತಿರುಗಿದಳು. "ಈ ಸಲ ನಾ ಹೇಳ್ದಂಗೆ ಬರೀರಿ."

ತೊಡೆಯ ಮೇಲೆ ಹಾಜರಿ ಪುಸ್ತಕ ಇಟ್ಟುಕೊಂಡು ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದೆ. ಎರಡೇ ಸಾಲು. ವರವೂ ಇಲ್ಲ, ಗುಂಡಿಯೂ ಇಲ್ಲ. ಲಾಂಚಿನ ಓಲಾಟಕ್ಕೆ ಅಕ್ಷರ ಕಾಗೆಕಾಲಾಗಿತ್ತು. ಸಾಹೇಬರು ಸಹಿ ಹಾಕಿದರು. ಅವಳು ಕಾಗದವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಲಾಂಚಿನ ಮೂತಿಯಲ್ಲಿ ಹೋಗಿ ನಿಂತಳು.

"ಸಾಬ್ರೇ, ನಿಧಾನ ಬಿಡಿ. ಎಡಕ್ಕೆ ಬ್ಯಾಡ, ಅಲ್ಲಿ ಹಲಸಿನ ಮರ. ಇದು ನಮ್ ಕಣ… ಇಲ್ಲಿ ನೆಟ್ಟಗೆ ಬರ್ಲಿ. ಇಲ್ಲಿ ನನ್ ಗಂಡ ಗಾಡಿ ಬಿಡ್ತಿದ್ದ." ಅವಳ ದನಿ ಒಂದಿಷ್ಟೂ ಅಲುಗಲಿಲ್ಲ. ಅಳು ಬಂದದ್ದು ನನಗೆ. ಹಸನ್ ಸಾಬರು ಅವಳು ಹೇಳಿದತ್ತಲೇ ಚಕ್ರ ತಿರುಗಿಸುತ್ತಿದ್ದರು.

ನನಗೆ ವರ್ಗವಾಗುವವರೆಗೂ, ಅಂದರೆ ಇನ್ನೂ ಐದು ವರ್ಷ, ಲಾಂಚು ಎರಡೂ ಕಡೆ ನಿಲ್ಲುತ್ತಿತ್ತು. ಕಲ್ಲುಗದ್ದೆಯ ಒಂದು ಮನೆಯೂ ಖಾಲಿಯಾಗಲಿಲ್ಲ. ನಾನು ಕಲ್ಲುಗದ್ದೆಯಲ್ಲೇ ಇಳಿದು ನಾಲ್ಕು ಮೈಲಿ ನಡೆಯತೊಡಗಿದೆ. ಮೊದಲ ದಿನ ಚೌಡಮ್ಮ ನನ್ನನ್ನು ನೋಡಿ ಒಲೆಯ ಕಲ್ಲು ತೋರಿಸಿದಳು. ಹೊತ್ತೆ. ಅದು ಬಹಳ ಭಾರ ಇತ್ತು.

ಚೌಡಮ್ಮ ತೀರಿಕೊಂಡು ಬಹಳ ವರ್ಷವಾಯಿತು. ನಾನೂ ರಿಟೈರಾಗಿ ಈ ಸಾಗರದಲ್ಲಿ ಮನೆ ಮಾಡಿಕೊಂಡಿದ್ದೇನೆ. ಇವತ್ತು ಈ ಕಥೆ ತೆಗೆದದ್ದಕ್ಕೆ ಇನ್ನೂ ಒಂದು ಕಾರಣವಿದೆ. ನಮ್ಮ ಬಡಾವಣೆಯ ಬಸ್ ಸ್ಟಾಪನ್ನು ಹೊಸ ಕಾಂಪ್ಲೆಕ್ಸಿನ ಎದುರಿಗೆ ಸರಿಸಬೇಕಂತೆ. ಅರ್ಧ ಗಂಟೆ ಹಿಂದೆ ನಾಲ್ಕು ಜನ ಬಂದರು, ಇನ್ನೂ ಜಗುಲಿಯಲ್ಲೇ ಇದ್ದಾರೆ. "ಸಾರ್, ಅರ್ಜಿ ನಿಮ್ಮ ಕೈಯಲ್ಲೇ ಆಗ್ಬೇಕು. ಈಗಿನ ಜಾಗ ಬರೀ ಕೊಳಕು ಅಂತ ಒಂಚೂರು ಜೋರಾಗಿ ಬರೀರಿ" ಎಂದರು. ಹೊಸ ಜಾಗ ನಮ್ಮ ಗೇಟಿಗೆ ಹತ್ತೇ ಹೆಜ್ಜೆ. ನನ್ನ ಮಂಡಿನೋವಿಗೆ ಅದಕ್ಕಿಂತ ಇನ್ನೇನು ಬೇಕು?

ಪೆನ್ನು ತೆಗೆದು, ಕ್ಯಾಪು ಬಿಚ್ಚಿ, ಮತ್ತೆ ಮುಚ್ಚಿದೆ. "ನೀವು ಕೂತಿರಿ, ಕಾಫಿ ಕುಡೀರಿ" ಎಂದೆ. "ನಾನು ಹಳೇ ಸ್ಟಾಪಿಗೆ ಹೋಗಿ, ಅಲ್ಲಿ ಇಳಿಯೋರನ್ನ ಒಂದು ಮಾತು ಕೇಳಿ ಬರ್ತೀನಿ." ಈ ಮಂಡಿ ಕಟ್ಟಿಕೊಂಡು ಎಲ್ಲಿಗೆ ಹೊರಟಿರಿ ಎಂದು ಹೆಂಡತಿ ಕೂಗುತ್ತಿದ್ದಾಳೆ. ಚಪ್ಪಲಿ ಮೆಟ್ಟಿಯಾಗಿದೆ.