ಒಣಮೀನು ಕಟ್ಟಿದ ಪೇಪರು

ದಾಂಡೇಲಿ ಮುನ್ಸಿಪಾಲ್ಟಿಯಲ್ಲಿ ನಾನು ಕಸಗುಡಿಸುತ್ತಿದ್ದೆ. ಜಕಾತಿ ತೆಗೆದುಹಾಕಿದ ಮೇಲೆ ಲಾರಿ ತಡೆಯುವ ನಾಕಾ ಕೋಣೆ ಖಾಲಿ ಬಿತ್ತು. ಅಲ್ಲಿ ನಾಯಿ ಮಲಗತೊಡಗಿದವು. ಆಗಿದ್ದ ಮುಖ್ಯಾಧಿಕಾರಿ ನಾಲ್ಕು ಬೆಂಚು, ಒಂದು ಮೇಜು ಹಾಕಿಸಿ ವಾಚನಾಲಯ ಅಂತ ಬೋರ್ಡು ಬಡಿಸಿದರು. ಬೀಗದ ಕೈ ನನ್ನ ಉಡಿಗೆ ಬಂತು.

ಒಬ್ಬ ಮೆಂಬರಿಗೆ ಇದು ನಗೆಗೇಡು. "ಸಾಹೇಬ್ರ, ನಮ್ಮೂರ ಮಿಲ್ಲಿನಾಗ ಕಾಗದ ಮಾಡೋ ಮಂದಿ ಅದಾರ, ಓದೋ ಮಂದಿ ಎಲ್ಲದಾರ್ರಿ? ಸಿಮೆಂಟ್ ಚೀಲ ಇಡಾಕ ಕೊಡ್ರಿ ಆ ಖೋಲಿ."

"ಕಾಗದ ಮಾಡೋ ಬಿದಿರು ಒಂದಿನ ತೀರತೈತಲ್ರೀ," ಅಂದರು ಸಾಹೇಬರು. "ಆಮ್ಯಾಲ ಊರಿನ ಮಂದಿ ಏನ ಮಾಡಿ ಉಣ್ಣಬೇಕು? ತಲಿಯಾಗ ಏನರ ಇರಬೇಕಲ್ಲ."

ನಾನು ಮೂಲೆಯಲ್ಲಿ ಕಸಬರಿಗೆ ಹಿಡಿದು ನಿಂತಿದ್ದೆ. ಮೆಂಬರ್ ಹೇಳಿದ್ದೇ ಖರೆ ಅನ್ನಿಸಿತ್ತು.

ನನಗೆ ಆಗ ಒಂದಕ್ಷರ ಬರುತ್ತಿರಲಿಲ್ಲ. ಇವತ್ತಿನ ಪೇಪರು ಮೇಜಿನ ಮೇಲೆ, ನಿನ್ನೆಯದು ಕಸ. ಆ ಕಸವನ್ನು ಒಣಮೀನು ಮಾರುವವಳಿಗೆ ಕೊಡುತ್ತಿದ್ದೆ. ಆಕೆ ಒಂದು ಹಿಡಿ ಒಣ ಸಿಗಡಿ ಕೊಡುತ್ತಿದ್ದಳು. ತಪ್ಪು ಅಂತ ಗೊತ್ತಿರಲಿಲ್ಲ. ಗೊತ್ತಿದ್ದರೂ ಬಿಡುತ್ತಿರಲಿಲ್ಲವೇನೋ, ಸಾರು ಅಷ್ಟು ರುಚಿಯಾಗುತ್ತಿತ್ತು.

ದಿನಾ ಸಂಜೆ ತಪ್ಪದೆ ಬರುವವಳು ಒಬ್ಬ ಸಿದ್ದಿ ಹೆಂಗಸು. ಹಳಿಯಾಳ ಕಡೆಯವಳು, ಬಿದಿರಿನ ಡಿಪೋದಲ್ಲಿ ಕೂಲಿ. ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಒಮ್ಮೆ ನಾಟಿಗೆಂದು ಎರಡು ದಿನ ಊರಿಗೆ ಹೋಗಿ ಬಂದವಳೇ ಕೇಳಿದಳು:

"ಮಾವಶಿ, ನಿನ್ನಿ ಪೇಪರ್ ಎಲ್ಲೈತಿ?"

"ಯಾಕ?"

"ಟೆಲಿಫೋನ್ ಆಪರೇಟರ್ ಕೆಲಸಕ್ಕ ಕರದಾರಂತ. ಅರ್ಜಿ ಕಡೀ ಸಲ ಅದರಾಗ ಅಚ್ಚಾಗೈತಿ, ಕತ್ತರಿಸಿ ತುಂಬಬೇಕು. ನಾಳಿಗೇ ಕಡೀ ದಿನ. ಮುಂಜಾನಿ ಮೊದಲ ಬಸ್ಸಿಗೆ ಕಾರವಾರಕ್ಕ ಒಯ್ದು ಕೊಡತೇನಿ. ಪೇಪರ್ ಏಜೆಂಟನ ಹಂತ್ಯಾಕ ಒಂದೂ ಉಳದಿಲ್ಲ."

"ಅದು ಮುಂಜಾನಿ ಮೀನಿನವಳ ಕಡೆ ಹೋತು."

ಅಳುತ್ತಾಳೆ ಅಂದುಕೊಂಡೆ. "ಹಂಗಾರ ನಡೀರಿ, ಮೀನ ಹಿಡಿಯೂಣು," ಅಂದಳು.

ಮೀನಿನವಳು ಬುಟ್ಟಿ ಮಗುಚಿ ತೋರಿಸಿದಳು. ಖಾಲಿ. "ಇವತ್ತ ಮೂರ ಮನಿಗೆ ಕಟ್ಟಿಕೊಟ್ಟೇನಿ. ಎರಡು ಮನ್ಯಾಗ ಇಷ್ಟೊತ್ತಿಗೆ ಆ ಪೇಪರ್ ಹಚ್ಚಿ ಒಲಿ ಹೊತ್ತಿಸಿರತಾರ. ಉಳದದ್ದು ಮೆಂಬರ್ ಮನಿ."

ಅದೇ ಮೆಂಬರು. ಬಾಗಿಲು ತೆಗೆದು, "ಏನವಾ, ಇತ್ತಾಗ?" ಅಂದರು.

"ಪೇಪರ್ ಓದಾಕ ಬಂದೇವ್ರಿ," ಅಂದೆ.

"ನನ್ನ ಮನ್ಯಾಗ?"

"ನಿಮ್ಮ ಮೀನಿನ ಪೊಟ್ಟಣದಾಗ."

ಅವರ ಹೆಂಡತಿ ನಗುತ್ತ ಪೊಟ್ಟಣ ತಂದು ಮೀನು ತಾಟಿಗೆ ಸುರಿದಳು. ಹೊರಗಿನ ಹಾಳೆಯಲ್ಲಿ ಸಿನಿಮಾ ಚಿತ್ರ. ಒಳಗಿನ ಹಾಳೆಯನ್ನು ಸಿದ್ದಿ ಹೆಂಗಸು ದೀಪಕ್ಕೆ ಹಿಡಿದು ನೋಡಿದಳು, ಬೆರಳಿನಿಂದ ಉಪ್ಪು ಒರೆಸಿದಳು. ಅರ್ಜಿ ಪೂರಾ ಇತ್ತು. ಒಂದು ಮೂಲೆಗೆ ಮೀನಿನ ಪೊರೆ ಅಂಟಿತ್ತು, ಅಷ್ಟೇ.

ಮೆಂಬರ್ ಅದನ್ನು ಇಸಿದುಕೊಂಡು ಕೊನೆತನಕ ಓದಿದರು. "ನಡತೆ ಸರ್ಟಿಫಿಕೇಟ್ ಬೇಕಂತ ಐತಲ್ಲ. ಯಾರ ಕೊಡತಾರ ನಿನಗ?"

"ಊರ ಮೆಂಬರ್ ಕೊಟ್ಟರ ನಡೀತೈತ್ರಿ."

ಅವರ ಹೆಂಡತಿ ಆಗಲೇ ಪೆನ್ನು ತಂದಿದ್ದಳು. ಬರೆಯದೆ ಏನು ಮಾಡಿಯಾರು?

ಸಿದ್ದಿ ಹೆಂಗಸಿಗೆ ಕೆಲಸ ಸಿಕ್ಕಿತು. ಹೊರಡುವ ಮುಂಚಿನ ವಾರ ದಿನಾ ಸಂಜೆ ನನ್ನನ್ನು ಬೆಂಚಿನ ಮೇಲೆ ಕೂರಿಸಿದಳು. "ತಾರೀಖು ಓದಾಕ ಕಲೀರಿ ಮಾವಶಿ. ಇಲ್ಲಾಂದ್ರ ಇನ್ನೊಬ್ಬಾಕಿ ನೌಕರಿನೂ ನಿಮ್ಮ ಸಾರಿಗೆ ಬೀಳತೈತಿ." ಮೊದಲು ಅಂಕಿ ಕಲಿತೆ, ಆಮೇಲೆ ವಾರದ ಹೆಸರು. ಈಗ ಬರೆಯುತ್ತಿರುವ ಈ ಸೊಟ್ಟ ಅಕ್ಷರ ಅಲ್ಲಿಂದಲೇ ಶುರು.

ಸಾಹೇಬರು ಒಂದು ಕಪಾಟು ಕೊಡಿಸಿದರು. ತಾರೀಖಿನ ಪ್ರಕಾರ ಪೇಪರು ಜೋಡಿಸುವುದೂ ನನ್ನ ಕೆಲಸವಾಯಿತು. ಮೆಂಬರ್ ಮತ್ತೆ ಸಿಮೆಂಟಿನ ಸುದ್ದಿ ಎತ್ತಲಿಲ್ಲ, ಸಂಜೆ ತಾವೇ ಬಂದು ಕನ್ನಡಕ ಏರಿಸಿ ಕೂರುತ್ತಿದ್ದರು.

ಮೀನಿನವಳು ಮಾತ್ರ ನನ್ನ ಮೇಲೆ ಸಿಟ್ಟಾದಳು. ಸಾಗವಾನಿ ಎಲೆಯಲ್ಲಿ ಮೀನು ಕಟ್ಟತೊಡಗಿದಳು, ನನಗೆ ಸಿಗಡಿ ನಿಲ್ಲಿಸಿದಳು.