ಡಾಕ್ಟರ ಅಕ್ಕನಿಗೊಂದು ಬೆಂಡಿನ ಮನೆ

ನಾನು ಸೊಸೆಯಾಗಿ ಸಾಗರದ ಆ ಮನೆಗೆ ಬಂದಾಗ ವರದತ್ತೆಯ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಮಾತಿಗೆ ಮಾತ್ರ ಏನೂ ಕೊರತೆಯಿರಲಿಲ್ಲ. ನನ್ನ ಮಾವ ಜಟ್ಟಿಂಗಪ್ಪನವರ ತಂಗಿ ಅವರು. ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು ಮೂಲೆಯಲ್ಲಿ ಕೂತು ಅಳುವ ಬದಲು ಬೆಂಡು ಸುಲಿಯುವ ಉದ್ದ ಕತ್ತಿ ಹಿಡಿದರು. ಐವತ್ತು ದಾಟಿದರೂ ಅದನ್ನು ಕೆಳಗಿಟ್ಟಿರಲಿಲ್ಲ.

ನಮ್ಮದು ಗುಡಿಗಾರರ ಮನೆ. ಗಂಡಸರು ಗಂಧದ ಮರದಲ್ಲಿ ದೇವರನ್ನು ಕೆತ್ತುತ್ತಿದ್ದರು, ಚೌತಿಗೆ ಮಣ್ಣಿನ ಗಣಪತಿ ಮಾಡುತ್ತಿದ್ದರು. ಕೆರೆಯಲ್ಲಿ ಬೆಳೆಯುವ ಬೆಂಡಿನ ದಂಟನ್ನು ಕಾಗದದಷ್ಟು ತೆಳ್ಳಗೆ ಸುಲಿದು ಮದುವೆಯ ಬಾಸಿಂಗ ಕಟ್ಟುವುದು ಹೆಂಗಸರ ಪಾಲಿಗೆ ಬಂದಿತ್ತು. ಮಾವ ಅದನ್ನು ಕೆಲಸವೆಂದೇ ಎಣಿಸುತ್ತಿರಲಿಲ್ಲ. 'ಊದಿದ್ರೆ ಹಾರ್ತದೆ, ಅದೂ ಒಂದು ಕಸುಬಾ?' ಎನ್ನುತ್ತಿದ್ದರು. ವರದತ್ತೆ ಆಗ ಬೇಕೆಂದೇ ಬೆಂಡಿನ ಚೂರೊಂದನ್ನು ಅವರ ಕಡೆಗೆ ಊದಿಬಿಡುತ್ತಿದ್ದರು.

ಆ ಬೋಳು ಬಾಯಿಗೆ ಹಲ್ಲು ಕಟ್ಟಿಕೊಟ್ಟವರು ವಾಂಗ್ ಡಾಕ್ಟರು. ಕಲ್ಕತ್ತೆಯಲ್ಲಿ ಹುಟ್ಟಿದ ಚೀನೀಯರು. ಸಾಗರಕ್ಕೆ ಬಂದು ಹತ್ತು ವರ್ಷವಾಗಿತ್ತು. ಕನ್ನಡ ನಮ್ಮಷ್ಟೇ ಚೆನ್ನಾಗಿ ಮಾತಾಡುತ್ತಿದ್ದರು. ಹೊಸ ಹಲ್ಲು ಹಾಕಿಸಿಕೊಂಡ ದಿನ ವರದತ್ತೆ ಅಲ್ಲೇ ಸೆರಗಿನಿಂದ ಒಂದು ಚಕ್ಕುಲಿ ತೆಗೆದು ಕಟುಂ ಎಂದು ಕಡಿದು, 'ಪಾಸು' ಎಂದರಂತೆ. ಅಂದಿನಿಂದ ಇಬ್ಬರಿಗೂ ಒಳ್ಳೆಯ ಸಲುಗೆ.

ಚೀನಾದ ಜೊತೆ ಯುದ್ಧವಾದ ಮೇಲೆ ಊರಿನವರು ಅವರ ಅಂಗಡಿಯ ಮೆಟ್ಟಿಲು ಹತ್ತುವುದು ಕಡಿಮೆಯಾಯಿತು. ಹಲ್ಲು ನೋವು ತಡೆಯಲಾಗದವರು ಮಾತ್ರ ಆಚೀಚೆ ನೋಡಿ ಒಳಗೆ ನುಗ್ಗುತ್ತಿದ್ದರು. ಡಾಕ್ಟರು ವಾರಕ್ಕೊಮ್ಮೆ ಠಾಣೆಗೆ ಹೋಗಿ ಮುಖ ತೋರಿಸಬೇಕಿತ್ತು; ಊರು ಬಿಡಬೇಕಾದರೆ ಅನುಮತಿ ಬೇಕಿತ್ತು. ಅರವತ್ತೈದನೆಯ ಇಸವಿಯ ಮಾಘ ಮಾಸದಲ್ಲಿ ಕಲ್ಕತ್ತೆಯಿಂದ ತಂತಿ ಬಂತು. ಅವರನ್ನು ಸಾಕಿ ಬೆಳೆಸಿದ ಅಕ್ಕ ತೀರಿಕೊಂಡಿದ್ದರು. ಅರ್ಜಿ ಹೋಗಿ, ಅನುಮತಿ ಇಲ್ಲವೆಂಬ ಉತ್ತರ ಬರುವಷ್ಟರಲ್ಲಿ ಅಲ್ಲಿ ಮಣ್ಣು ಕೊಟ್ಟಾಗಿತ್ತು.

ಒಂದು ಬೆಳಿಗ್ಗೆ ಅವರು ನಮ್ಮ ಜಗಲಿಗೆ ಬಂದು ಕೂತರು. ಕೊಟ್ಟ ಕಾಫಿಯನ್ನು ಮುಟ್ಟಲಿಲ್ಲ.

'ನಮ್ಮಲ್ಲಿ ಸತ್ತವರಿಗೆ ಕಾಗದದ ಮನೆ ಮಾಡಿ ಸುಡ್ತೇವೆ, ವರದಮ್ಮ. ಸುಟ್ಟಿದ್ದು ಅವರಿಗೆ ಹೋಗಿ ಸೇರ್ತದೆ. ನಲವತ್ತೊಂಬತ್ತನೇ ದಿನದ ಒಳಗೆ ಆಗ್ಬೇಕು. ಇಲ್ದಿದ್ರೆ ಅಕ್ಕ ಅಲ್ಲೂ ಬಾಡಿಗೆ ಕೋಣೇಲೇ ಇರ್ಬೇಕಾಗ್ತದೆ. ಕಲ್ಕತ್ತೇಲಿ ಅದನ್ನ ಮಾಡುವವರು ಇದ್ದಾರೆ. ನಂಗೆ ಹೋಗುವಂಗಿಲ್ಲ. ಇಲ್ಲಿ ನಿಮ್ಮನ್ನ ಬಿಟ್ರೆ ಆ ಕೈ ಯಾರಿಗೂ ಇಲ್ಲ.'

'ಎಷ್ಟು ದಿನ ಉಂಟು?'

'ಇಪ್ಪತ್ತು.'

ವರದತ್ತೆ ಎರಡು ಸಲ ಯೋಚಿಸಲಿಲ್ಲ. 'ನಾವು ಗಣಪತಿ ಮಾಡಿ ನೀರಿಗೆ ಬಿಡೂದಿಲ್ವಾ ಡಾಕ್ಟ್ರೆ? ನೀವು ಬೆಂಕಿಗೆ ಬಿಡ್ತೀರಿ, ಅಷ್ಟೆ. ನೀವು ನಂಗೆ ಹಲ್ಲು ಕಟ್ಟಿಕೊಟ್ರಿ. ನಾನು ನಿಮ್ಮಕ್ಕಂಗೆ ಮನೆ ಕಟ್ಟಿಕೊಡ್ತೇನೆ.'

ಡಾಕ್ಟರು ಔಷಧದ ಚೀಟಿಯ ಹಿಂದೆ ಚಿತ್ರ ಬರೆದುಕೊಟ್ಟರು. ಎರಡು ಅಂತಸ್ತು, ಮೂಲೆಗಳು ಮೇಲಕ್ಕೆ ಬಾಗಿದ ಮಾಡು. ಒಳಗೆ ಒಂದು ಮೇಜು, ಕುರ್ಚಿ, ಚಹಾದ ಪಾತ್ರೆ. ಜೊತೆಗೆ ಒಂದು ಹೊಲಿಗೆ ಯಂತ್ರ. ಅಕ್ಕ ಜೀವನವಿಡೀ ಬೇರೆಯವರ ಅಂಗಡಿಯಲ್ಲಿ ಕೈಹೊಲಿಗೆ ಹಾಕಿದವರಂತೆ. ಸ್ವಂತಕ್ಕೆ ಒಂದು ಯಂತ್ರ ಬೇಕೆಂಬ ಆಸೆ ಆಸೆಯಾಗಿಯೇ ಉಳಿದಿತ್ತು.

ಮಾವನಿಗೆ ಗೊತ್ತಾದಾಗ ಮನೆ ಹಾರಿಹೋಗುವಂತೆ ಕೂಗಾಡಿದರು. 'ದೇವರ ಮಂಟಪ ಕಟ್ಟುವ ಮನೇಲಿ ಹೆಣದ ಮನೆ ಕಟ್ತೀಯಾ? ಅದೂ ಚೀನಾದವನಿಗೆ? ಊರವರು ನಾಳೆ ನಮ್ಮ ಹತ್ರ ಬಾಸಿಂಗ ತಗೊಳ್ತಾರಾ?'

'ಚೀನಾದವ್ರ ಹಲ್ಲು ಹಾಕ್ಕೊಂಡೇ ನಿನ್ನ ಹತ್ರ ಜಗಳ ಆಡ್ತಾ ಇದ್ದೇನೆ, ಅಣ್ಣ. ಬೇಕಾದ್ರೆ ತೆಗೆದಿಟ್ಟು ಆಡ್ತೇನೆ' ಎಂದರು ವರದತ್ತೆ. ಮಾವ ಕೆತ್ತುವ ಚಾಣ ತೆಗೆದುಕೊಂಡು ಹಿತ್ತಲಿಗೆ ಹೋದರು.

ಅಂದಿನಿಂದ ನಾನೂ ವರದತ್ತೆಯೂ ಆ ಮನೆಗೆ ಅಂಟಿಕೊಂಡೆವು. ಬಿದಿರಿನ ಸೀಳುಗಳ ಚೌಕಟ್ಟು, ಅದರ ಮೇಲೆ ಬೆಂಡಿನ ಹಾಳೆ, ಹುಣಸೆ ಬೀಜದ ಅಂಟು. ಹೊಲಿಗೆ ಯಂತ್ರ ಹೇಗಿರುತ್ತದೆಂದು ನೋಡಲು ಅತ್ತೆ ಪೇಟೆಯ ದರ್ಜಿಯ ಎದುರು ಅರ್ಧ ಗಂಟೆ ಕೂತು ಬಂದರು. ರವಿಕೆ ಹೊಲಿಸಲು ಬಂದಿದ್ದಾರೆಂದು ಆತ ಮೂರು ಸಲ ಅಳತೆ ಪಟ್ಟಿ ತೆಗೆದನಂತೆ. ಬೆಂಡಿನ ಆ ಯಂತ್ರ ನನ್ನ ಹೆಬ್ಬೆರಳಿನಷ್ಟಿತ್ತು, ಚಕ್ರ ನಿಜವಾಗಿ ತಿರುಗುತ್ತಿತ್ತು. ನನಗೆ ಅದನ್ನು ಸುಡಲು ಕೊಡುವ ಮನಸ್ಸೇ ಇರಲಿಲ್ಲ.

ಮಾಡಿನ ವಿಷಯದಲ್ಲಿ ಅತ್ತೆಗೆ ಸ್ವಲ್ಪ ಹಮ್ಮು ಬಂತು. ಗಣಪತಿಗೆಂದು ಹಿತ್ತಲಲ್ಲಿ ಹದ ಮಾಡಿಟ್ಟಿದ್ದ ಜೇಡಿಮಣ್ಣಿತ್ತು. ಉಗುರಿನಷ್ಟು ಗಾತ್ರದ ಮುನ್ನೂರು ಹೆಂಚು ಒತ್ತಿ, ಬಿಸಿಲಲ್ಲಿ ಒಣಗಿಸಿ, ಕೆಮ್ಮಣ್ಣು ಬಳಿದು, ಒಂದರ ಮೇಲೊಂದು ಹೊದಿಸಿದರು. ನಿಜವಾದ ಹೆಂಚಿನ ಮನೆಯೇ ಕುಗ್ಗಿ ಕೂತಂತಿತ್ತು. ಮಾವ ಕೂಡ ಹಾದುಹೋಗುವಾಗ ನಡಿಗೆ ನಿಧಾನ ಮಾಡಿದ್ದನ್ನು ನಾನು ಕಂಡೆ.

ನಲವತ್ತಾರನೆಯ ದಿನ ಡಾಕ್ಟರು ನೋಡಲು ಬಂದರು. ಸೊಂಟದೆತ್ತರದ ಮನೆಯನ್ನು ಒಂದು ಸುತ್ತು ಬಂದರು. ಬಾಗಿಲು ತೆಗೆದರು, ಮುಚ್ಚಿದರು. ಹೊಲಿಗೆ ಯಂತ್ರ ನೋಡಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಮಾಡಿನ ಒಂದು ಹೆಂಚನ್ನು ಉಗುರಿನಿಂದ ಕುಟ್ಟಿ ನೋಡಿದರು.

'ಇದು ಮಣ್ಣಾ ವರದಮ್ಮ?'

'ಹೌದು ಡಾಕ್ಟ್ರೆ! ನೂರು ವರ್ಷ ಬಾಳ್ತದೆ' ಎಂದರು ಅತ್ತೆ. ಅಂದ ಕೂಡಲೇ ಅವರಿಗೇ ಹೊಳೆಯಿತು.

ಡಾಕ್ಟರು ಮೆಲ್ಲಗೆ ಹೇಳಿದರು. 'ಸುಡದೇ ಉಳಿದಿದ್ದು ಅಕ್ಕನಿಗೆ ಹೋಗೂದಿಲ್ಲ. ಇರ್ಲಿ ಬಿಡಿ, ವರದಮ್ಮ. ಗೋಡೆಯಾದ್ರೂ ಇದೆಯಲ್ಲ.'

ಬೈದಿದ್ದರೆ ವರದತ್ತೆ ತಡೆದುಕೊಳ್ಳುತ್ತಿದ್ದರು. ಆ 'ಇರ್ಲಿ ಬಿಡಿ' ಅವರನ್ನು ಹಿಂಡಿಹಾಕಿತು. ಡಾಕ್ಟರು ಹೋದ ಮೇಲೆ ಅತ್ತೆ ಮುನ್ನೂರು ಹೆಂಚನ್ನೂ ಒಂದೊಂದಾಗಿ ಕಿತ್ತು ಮೊರಕ್ಕೆ ಹಾಕಿದರು. ನಾನು ಹತ್ತಿರ ಹೋಗಲು ಹೆದರಿದೆ. ಮಾಡಿಲ್ಲದ ಮನೆ ಗೋಡೆಗಳನ್ನೆತ್ತಿಕೊಂಡು ಬಯಲಾಗಿ ನಿಂತಿತು, ಇನ್ನುಳಿದಿದ್ದು ಮೂರೇ ದಿನ.

ಬೆಂಡು ಮುಗಿದಿತ್ತು. ಅಟ್ಟದ ಮೇಲೆ ಒಂದು ಹೊರೆ ಇತ್ತು, ಆದರೆ ಅದು ಹುಂಚದ ಕಡೆಯ ಮದುವೆಯೊಂದರ ಬಾಸಿಂಗಕ್ಕೆ ತೆಗೆದಿಟ್ಟದ್ದು. ಅತ್ತೆ ಹುಟ್ಟಿದ ಮೇಲೆ ಮೊದಲ ಬಾರಿಗೆ ಅಣ್ಣನ ಎದುರು ಕೈಯೊಡ್ಡಿ ನಿಂತರು. 'ಆ ಹೊರೆ ಕೊಡು ಅಣ್ಣ.'

'ಮಂಗಳಕಾರ್ಯಕ್ಕೆ ಅಂತ ಇಟ್ಟ ಬೆಂಡನ್ನ ಸೂತಕಕ್ಕೆ ಕೊಡೂದಾ? ಸಾಧ್ಯವೇ ಇಲ್ಲ.' ಮಾವ ಹಾಗೆಂದು ಎದ್ದರು. ಎದ್ದವರು, ಮಾಡಿಲ್ಲದ್ದರಿಂದ ತೆರೆದು ಬಿದ್ದಿದ್ದ ಮೇಲಂತಸ್ತಿನೊಳಕ್ಕೆ ಒಮ್ಮೆ ಇಣುಕಿದರು.

ಅಲ್ಲಿ ಒಂದು ಪುಟ್ಟ ತೂಗುಮಣೆ ಇತ್ತು. ಬೆಂಡಿನ ಹಲಗೆ, ನಾಲ್ಕು ನೂಲಿನ ಹಗ್ಗ, ಒಂದೊಂದು ಹಗ್ಗದ ನೆತ್ತಿಯಲ್ಲಿ ಒಂದೊಂದು ಗಿಳಿ. ಡಾಕ್ಟರ ಚೀಟಿಯಲ್ಲಿ ಅದು ಇರಲಿಲ್ಲ. ಅತ್ತೆ ಅದನ್ನು ಯಾವಾಗ ಮಾಡಿದರೋ ನನಗೂ ಗೊತ್ತಿರಲಿಲ್ಲ.

ಮಾವ ಬಗ್ಗಿ ಅದನ್ನು ಬೆರಳಿನಿಂದ ಒಮ್ಮೆ ತೂಗಿದರು. ಅಂಥದೇ ಗಿಳಿಗಳ ತೂಗುಮಣೆಯನ್ನು ಹದಿನಾಲ್ಕನೆಯ ವಯಸ್ಸಿನಲ್ಲಿ ಅವರೇ ಮರದಲ್ಲಿ ಕೆತ್ತಿದ್ದರಂತೆ. ಅದರ ಮೇಲೆ ಕೂರುತ್ತಿದ್ದವಳು ಇವರಿಬ್ಬರ ತಂಗಿ. ಒಂಬತ್ತು ವರ್ಷಕ್ಕೆ ಜ್ವರದಲ್ಲಿ ಹೋದಳು. ಮಗುವಾಗಿ ಸತ್ತವಳಿಗೆ ತಿಥಿಯಿಲ್ಲ, ಎಡೆಯಿಲ್ಲ. ನಲವತ್ತು ವರ್ಷ ಆ ಮನೆಯಲ್ಲಿ ಯಾರೂ ಅವಳ ಹೆಸರೆತ್ತಿರಲಿಲ್ಲ. ಇಷ್ಟೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ಕಂಡದ್ದು ಇಷ್ಟೇ: ಮಾವ ಏಣಿ ಹತ್ತಿ ಹೊರೆಯನ್ನು ಕೆಳಕ್ಕೆ ಕೆಡವಿದರು, ಪಂಚೆ ಎತ್ತಿ ಕಟ್ಟಿ ನೆಲದ ಮೇಲೆ ಕೂತರು.

'ಬಾಸಿಂಗಕ್ಕೆ ಸೊರಬದಿಂದ ಬೇರೆ ತರಿಸಿದ್ರಾಯ್ತು. ಕತ್ತಿ ತಾ.'

'ಇದು ಊದಿದ್ರೆ ಹಾರ್ತದೆ ಅಣ್ಣ' ಎಂದರು ಅತ್ತೆ. ಆಗಲೂ ಚುಚ್ಚುವುದನ್ನು ಬಿಡಲಿಲ್ಲ.

'ಹಂಗಾರೆ ಉಸಿರು ಹಿಡ್ಕೊಂಡು ಕೂರು.'

ಗಂಧದಲ್ಲಿ ದಶಾವತಾರ ಕೆತ್ತಿದ ಕೈ ಮೊದಲ ಇಪ್ಪತ್ತು ಹೆಂಚನ್ನು ಹಾಳು ಮಾಡಿತು. ಅತ್ತೆ ಬೆರಳು ಹಿಡಿದು ತೋರಿಸಿದರು. ಮಾವ ಗುರುಗುಟ್ಟುತ್ತಲೇ ಕಲಿತರು. ಮೂರನೆಯ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಮುನ್ನೂರು ಬೆಂಡಿನ ಹೆಂಚು ಕೂತವು, ಮಣ್ಣಿನದಕ್ಕಿಂತ ಚೆಂದವಾಗಿ. ಬಾಗಿದ ನಾಲ್ಕು ಮೂಲೆಗಳನ್ನು ಮಾವ ತಾವೇ ಕೂರಿಸಿದರು, ಬೇರೆಯವರಿಗೆ ಮುಟ್ಟಗೊಡಲಿಲ್ಲ.

ಅಂದು ಇಳಿಹೊತ್ತಿಗೆ ಮನೆಯನ್ನು ಹೊತ್ತುಕೊಂಡು ಕೆರೆಯ ದಂಡೆಗೆ ಹೋದೆವು. ಮುಂದಿನ ಕೊನೆ ಮಾವನ ಹೆಗಲ ಮೇಲೆ, ಹಿಂದಿನದು ಡಾಕ್ಟರ ಹೆಗಲ ಮೇಲೆ. ಪೇಟೆಯವರು ಅಂಗಡಿ ಬಿಟ್ಟು ಹಿಂದೆ ಬಂದರು. ಡಾಕ್ಟರ ಮೆಟ್ಟಿಲು ಹತ್ತಲು ಆಚೀಚೆ ನೋಡುತ್ತಿದ್ದವರೇ ಈಗ ನೂಕಿಕೊಂಡು ಮುಂದೆ ನಿಂತರು. ದರ್ಜಿಯಂತೂ ಬೆಂಡಿನ ಯಂತ್ರವನ್ನು ಕಂಡು, 'ಇದು ನಂದೇ ಮಿಶಿನ್ನು!' ಎಂದು ಕೂಗಿದ.

ಡಾಕ್ಟರು ಕೆಂಪು ಕಾಗದದ ಮೇಲೆ ಅಕ್ಕನ ಹೆಸರು ಬರೆದು ಬಾಗಿಲಿಗೆ ಅಂಟಿಸಿದರು. ಕೊನೆಯ ಸಲ ಒಳಗೆ ನೋಡಿದರು. 'ವರದಮ್ಮ, ಈ ತೂಗುಮಣೆ ನಾನು ಹೇಳಿರ್ಲಿಲ್ಲ.'

ಜಗಳಗಂಟಿ ವರದತ್ತೆ ತಲೆ ತಗ್ಗಿಸಿದ್ದನ್ನು ನಾನು ಕಂಡದ್ದು ಅವತ್ತೊಂದೇ ದಿನ. 'ತಪ್ಪಾಯ್ತು ಡಾಕ್ಟ್ರೆ. ನಂಗೊಬ್ಬ ತಂಗಿ ಇದ್ದಳು. ನಿಮ್ಮಕ್ಕ ಹೋಗುವ ಊರಿಗೇ ಅವಳೂ ಹೋದವಳಲ್ವಾ ಅಂತ... ತೆಗೆದುಬಿಡ್ತೇನೆ.'

'ತೆಗೀಬೇಡಿ. ಅಕ್ಕನಿಗೆ ಮಕ್ಕಳು ಅಂದ್ರೆ ಪ್ರಾಣ. ಆದ್ರೆ ಹೆಸರು ಹಾಕದೆ ಕಳಿಸಿದ್ದು ದಾರಿ ತಪ್ತದೆ. ಹೆಸರು ಹೇಳಿ.'

ಅತ್ತೆ ಅಣ್ಣನ ಮುಖ ನೋಡಿದರು. ಮಾವ ಹೇಳು ಎಂಬಂತೆ ತಲೆಯಾಡಿಸಿದರು. ಆಗ ವರದತ್ತೆ ಡಾಕ್ಟರು ಕಟ್ಟಿಕೊಟ್ಟ ಅಷ್ಟೂ ಹಲ್ಲು ಕಾಣುವಂತೆ ಬಾಯಿ ತೆರೆದು, ಕೆರೆಯ ಆಚೆ ದಡಕ್ಕೂ ಕೇಳುವಂತೆ ಹೇಳಿದರು: 'ಅನ್ನಪೂರ್ಣೇಶ್ವರಿ!'

ನಾನು ನಾಲ್ಕನೆಯ ತರಗತಿಯವರೆಗೆ ಓದಿದವಳು. ಕೆಂಪು ಕಾಗದದ ಚೂರಿನ ಮೇಲೆ ಆ ಹೆಸರನ್ನು ನಾನೇ ಬರೆದೆ. ಅಷ್ಟು ಪುಟ್ಟ ತೂಗುಮಣೆಗೆ ಅಷ್ಟುದ್ದದ ಹೆಸರು. ಎರಡು ಸಾಲು ಮಾಡಬೇಕಾಯಿತು.

ಡಾಕ್ಟರು ಬೆಂಕಿಯಿಟ್ಟರು. ಒಣಗಿದ ಬೆಂಡು, ಕೇಳಬೇಕೆ? ಮಾಡು ಮೊದಲು ಹತ್ತಿಕೊಂಡಿತು. ಮುನ್ನೂರು ಹೆಂಚು ಕೆಂಪಗಾಗಿ, ಕಿಡಿಯಾಗಿ, ಒಂದೊಂದೇ ಮೇಲಕ್ಕೆ ಹಾರಿದವು. ಜನ 'ಓ' ಎಂದರು. ತೂಗುಮಣೆ ಬಿಸಿಗಾಳಿಗೆ ಎರಡು ಸಲ ಜೀಕಿದ್ದನ್ನು ನಾನು ಕಣ್ಣಾರೆ ನೋಡಿದೆ. ನನ್ನೊಳಗೆ ಅಷ್ಟು ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಬೂದಿ ಆರಿದ ಮೇಲೆ ವರದತ್ತೆ ಮಂಡಿಯೂರಿ ಎರಡೂ ಕೈಯಿಂದ ಅದನ್ನು ಜಾಲಾಡಿದರು. ಒಂದು ಚೂರು ಕೂಡ ಸಿಗಲಿಲ್ಲ. ಕಪ್ಪು ಕೈ ಮೇಲೆತ್ತಿ, 'ಎಲ್ಲ ಹೋಯ್ತು ಡಾಕ್ಟ್ರೆ! ಒಂದೂ ಉಳೀಲಿಲ್ಲ!' ಎಂದರು. ಡಾಕ್ಟರು ಆ ಕಪ್ಪು ಕೈಗಳನ್ನು ಹಿಡಿದು ಹಣೆಗೊತ್ತಿಕೊಂಡರು.

ಮನೆಗೆ ಮರಳುವ ದಾರಿಯಲ್ಲಿ ಅಣ್ಣ ತಂಗಿಯರಿಗೆ ಜಗಳ ಹತ್ತಿತು. ಪೇಟೆಯ ನಟ್ಟನಡುವೆ, ಅಂಗಡಿಯವರೆಲ್ಲ ಕೇಳುವಂತೆ.

'ಅನ್ನಪೂರ್ಣೇಶ್ವರಿನ ತೂಗುಮಣೆಯಿಂದ ಬೀಳಿಸಿದ್ದು ನೀನೇ ಅಣ್ಣ!'

'ನಾನಾ? ಜೋರಾಗಿ ಜೀಕಿದ್ದು ನೀನು! ಅನ್ನಪೂರ್ಣೇಶ್ವರಿನೇ ಅಪ್ಪಯ್ಯಂಗೆ ಹೇಳಿದ್ದಳು!'

'ಅನ್ನಪೂರ್ಣೇಶ್ವರಿ ಹಂಗೆ ಹೇಳೇ ಇಲ್ಲ!'

ಮನೆ ಮುಟ್ಟುವವರೆಗೂ ಜಗಳ ಮುಗಿಯಲಿಲ್ಲ. ನಾನೂ ಬಿಡಿಸಲು ಹೋಗಲಿಲ್ಲ.