ಚುಕ್ಕಿ ಅಕ್ಕನ ಎರಡನೇ ಚುಕ್ಕಿ

ನಮ್ಮ ಪ್ರಯೋಗಾಲಯದಲ್ಲಿ ಅವಳನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಎಲ್ಲರಿಗೂ ಚುಕ್ಕಿ ಅಕ್ಕ. ಊಟದ ಡಬ್ಬಿಯ ಮುಚ್ಚಳ, ಕೊಡೆಯ ಹಿಡಿ, ಕಪಾಟಿನ ಬೀಗದ ಕೈ, ಸಿಕ್ಕಿದ್ದಕ್ಕೆಲ್ಲ ಕಪ್ಪು ಶಾಯಿಯ ಚುಕ್ಕಿ ಇಟ್ಟು ಗುರುತು ಮಾಡುತ್ತಿದ್ದಳು. ಸುಮ್ಮನೆ ನಿಂತರೆ ನನ್ನ ಬೋಳುತಲೆಗೂ ಒಂದು ಇಟ್ಟಾಳು ಎಂದು ನಾನು ರೇಗಿಸುತ್ತಿದ್ದೆ. ನಾನು ಅಲ್ಲಿ ಗಾಜು ತೊಳೆಯುವವನು. ದೊಡ್ಡವರು ಕಂಡುಹಿಡಿಯುತ್ತಾರೆ, ನಾವು ತೊಳೆಯುತ್ತೇವೆ.

ಅವಳ ಕೆಲಸ ಹೇಳಲು ಸುಲಭ, ಮಾಡಲು ಪ್ರಾಣ ಹಿಂಡುವಂಥದ್ದು. ಶ್ವಾಸಕೋಶವನ್ನು ಒಣಗಿದ ತೊಗಲಿನಂತೆ ಗಟ್ಟಿ ಮಾಡುವ ಕಾಯಿಲೆಯೊಂದಿದೆ. ಅದರಲ್ಲಿ ಒಂದು ಕಿಣ್ವ ಮಿತಿಮೀರಿ ದುಡಿಯುತ್ತದೆ. ಅದನ್ನು ತಡೆಯುವ ಅಣು ಯಾವುದೆಂದು ಹುಡುಕಬೇಕು. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ತೊಂಬತ್ತಾರು ಗುಳಿ, ಗುಳಿಗೊಂದು ಅಣು. ಪ್ರತಿಯೊಂದರಿಂದ ಒಂದು ಹನಿ ತೆಗೆದು ಇನ್ನೊಂದು ತಟ್ಟೆಯ ಅದೇ ಜಾಗದ ಗುಳಿಯಲ್ಲಿ ಕಿಣ್ವಕ್ಕೆ ಬೆರೆಸಬೇಕು. ಕಿಣ್ವ ಕೆಲಸ ಮಾಡಿದರೆ ಗುಳಿಯ ನೀರು ಹಳದಿಯಾಗುತ್ತದೆ. ಬಣ್ಣ ಬಾರದೆ ಉಳಿದರೆ ಅಣು ಸಿಕ್ಕಿತೆಂದು ಅರ್ಥ. ನಮಗೆ ಬರುತ್ತಿದ್ದುದು ಅಗ್ಗದ ತಟ್ಟೆ, ಅಂಕಿಯಿಲ್ಲ, ಅಕ್ಷರವಿಲ್ಲ, ನಾಲ್ಕು ಮೂಲೆಯೂ ಒಂದೇ ಥರ. ಅದಕ್ಕೇ ಪ್ರತಿ ತಟ್ಟೆಯ ಎಡಗಡೆ ಮೇಲಿನ ಮೂಲೆಗೆ ಅಕ್ಕನ ಚುಕ್ಕಿ. ಆರು ವರ್ಷದಲ್ಲಿ ಸಾವಿರಾರು ಅಣು ನೋಡಿದ್ದಳು. ಎಲ್ಲ ಹಳದಿ.

ಅದೇ ಕಾಯಿಲೆ ಅವಳ ತಮ್ಮನಿಗೂ ಬಂದಿತ್ತು. ಅವನು ಬಸ್ ಕಂಡಕ್ಟರ್. ಅವನು ಕೂಗಿದರೆ ಬೀದಿಯ ಆ ತುದಿಗೆ ಕೇಳುತ್ತಿತ್ತು. ಈಗ ಎರಡು ಮಾತಿಗೊಮ್ಮೆ ನಿಂತು ಉಸಿರೆಳೆಯುತ್ತಿದ್ದ. ಅಕ್ಕನ ಮನೆಯಲ್ಲೇ, ಕಿಟಕಿ ಪಕ್ಕದ ಮಂಚದ ಮೇಲೆ. ದಿನಾ ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ, ಇವತ್ತೂ ಹಳದಿನಾ ಎಂದು ಕೇಳುತ್ತಿದ್ದ.

ಒಂದು ದಿನ ನೂರಹದಿನೇಳನೇ ತಟ್ಟೆಯಲ್ಲಿ ಮೂರನೇ ಸಾಲಿನ ಐದನೇ ಗುಳಿ ನೀರಿನಂತೆ ಉಳಿಯಿತು. ಅದೇ ಗುಳಿಯಿಂದ ಇನ್ನೊಂದು ಹನಿ ತೆಗೆದು ಮತ್ತೊಮ್ಮೆ ಮಾಡಿದಳು. ಮತ್ತೆ ಹಾಗೇ. ಪಕ್ಕಾ ಆಗುವ ತನಕ ತುಟಿ ಬಿಚ್ಚದವಳು ಆ ಸಂಜೆ ತಮ್ಮನಿಗೆ ಹೇಳಿಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಣು ಔಷಧಿಯಾಗಲು ಹತ್ತು ವರ್ಷ ಬೇಕೆಂದು ಅವನಿಗೂ ಗೊತ್ತಿತ್ತು, ದಡ್ಡನೇನಲ್ಲ. ಆದರೂ ಆ ವಾರ ನಾನು ನೋಡಲು ಹೋದಾಗ ಗಡ್ಡ ಬೋಳಿಸಿಕೊಂಡು ಎದ್ದು ಕೂತಿದ್ದ. ನನಗೇ ಟಿಕೆಟ್ ಹರಿದು ಕೊಡುವವನಂತೆ ಕೈ ಆಡಿಸಿ ನಗಿಸಿದ.

ಆಮೇಲೆ ಯಾವ ಗುಳಿಯಲ್ಲಿ ಯಾವ ಅಣು ಎಂಬ ಪಟ್ಟಿ ನೋಡಿ ಆ ಗುಳಿಯ ಅಣುವನ್ನು ಹೊಸದಾಗಿ ತರಿಸಿದರು. ಹಳದಿ. ಮೂರು ಸಲ ಮಾಡಿದರೂ ಹಳದಿ. ತಟ್ಟೆಯಲ್ಲೇ ಏನೋ ಕೆಟ್ಟಿರಬೇಕು, ಎಸೆಯಿರಿ ಎಂದು ಸಾಹೇಬರು ನನಗೆ ಹೇಳಿದರು. ಅಕ್ಕ ಮನೆಗೆ ಹೋಗಿ ತಮ್ಮನಿಗೆ ವಿಷಯ ತಿಳಿಸಿದಳು.

"ಹಾಗಾದ್ರೆ ಏನೂ ಇಲ್ವಾ?" ಎಂದು ಕೇಳಿದನಂತೆ.

"ಇಲ್ಲ ಕಣೋ. ಅದು ಸುಳ್ಳು," ಎಂದಳಂತೆ.

ಅಲ್ಲಿಂದ ಮುಂದೆ ಅವನು ಸಂಜೆ ಏನೂ ಕೇಳಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ. ಎರಡು ತಿಂಗಳಿಗೆ ಹೋದ.

ಯೋಜನೆಯೂ ಮುಚ್ಚಿತು. ನಾಲ್ಕು ವರ್ಷದ ಮೇಲೆ, ಅಕ್ಕ ನಿವೃತ್ತಳಾಗುವ ತಿಂಗಳು, ಇಬ್ಬರೂ ಸೇರಿ ಫ್ರೀಜರ್ ಖಾಲಿ ಮಾಡುತ್ತಿದ್ದೆವು. ತಳದಲ್ಲಿ ನೂರಹದಿನೇಳು ಸಿಕ್ಕಿತು. ನನ್ನ ಸೋಮಾರಿತನ; ಎಸೆಯಲು ಹೇಳಿದ್ದನ್ನು ಅಲ್ಲೇ ತುರುಕಿಟ್ಟಿದ್ದೆ. ಅಕ್ಕ ಹೆಬ್ಬೆರಳಿನಿಂದ ಅದರ ಮೇಲಿನ ಹಿಮ ಒರೆಸಿದಳು. ಒಂದು ಮೂಲೆಯಲ್ಲಿ ಅವಳ ಕಪ್ಪು ಚುಕ್ಕಿ. ಅದಕ್ಕೆ ಓರೆಯಾಗಿ ಎದುರಿನ ಮೂಲೆಯಲ್ಲಿ ಇನ್ನೊಂದು, ಅಳಿಸಿಹೋದ ಚುಕ್ಕಿಯ ಮಾಸಲು ಗುರುತು.

ಅವಳು ತಟ್ಟೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ನೆನಪಾಗಿತ್ತು. ಆ ದಿನ ಬೆಳಿಗ್ಗೆ ಸ್ಪಿರಿಟ್ ತಾಗಿ ಚುಕ್ಕಿ ಅಳಿಸಿತ್ತು. ಹೊಸದು ಇಡುವಷ್ಟರಲ್ಲಿ ತಮ್ಮನಿಗೆ ಉಸಿರು ಕಟ್ಟಿದೆಯೆಂದು ಪಕ್ಕದ ಮನೆಯವರ ಫೋನು. ಓಡಿಹೋಗಿ, ಮಧ್ಯಾಹ್ನ ಬಂದು, ಅಂದಾಜಿನ ಮೇಲೆ ಚುಕ್ಕಿ ಇಟ್ಟಿದ್ದಳು. ಅಷ್ಟರಲ್ಲಿ ತಟ್ಟೆ ಅರ್ಧ ಸುತ್ತು ತಿರುಗಿತ್ತು, ಚುಕ್ಕಿ ಬಲಗಡೆ ಕೆಳಗಿನ ಮೂಲೆಗೆ ಬಿದ್ದಿತ್ತು. ಬಣ್ಣ ಬಾರದೆ ಉಳಿದದ್ದು ಮೂರನೇ ಸಾಲಿನ ಐದನೆಯದಲ್ಲ, ಆರನೇ ಸಾಲಿನ ಎಂಟನೆಯದು. ಅಷ್ಟು ಜನ ಸೇರಿ ಪರೀಕ್ಷಿಸಿದ್ದು ಬೇರೆಯೇ ಅಣುವನ್ನು.

ಪಟ್ಟಿಯಲ್ಲಿ ಹೆಸರು ಹುಡುಕಿ, ಮೂಲ ಶೀಶೆ ತೆಗೆದು, ಉಳಿದಿದ್ದ ಚೂರು ಕಿಣ್ವದಲ್ಲಿ ಮಾಡಿ ನೋಡಿದಳು. ಇಪ್ಪತ್ತು ನಿಮಿಷ ನಾನೂ ಪಕ್ಕದಲ್ಲೇ ನಿಂತಿದ್ದೆ. ಹಳದಿಯಾಗಲಿ ದೇವರೇ ಎಂದು ಬೇಡಿಕೊಂಡೆ. ಆಗಲಿಲ್ಲ.

ಸಾಹೇಬರು ಹಳೆಯದನ್ನೆಲ್ಲ ಈಗ ಯಾಕೆ ಕೆದಕಬೇಕು ಎಂದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಎಂದು ಗಾದೆ ಬೇರೆ. ಕೆಟ್ಟವರಲ್ಲ, ಆದರೆ ಅವತ್ತು ಅವರ ಮುಖ ನೋಡಲು ನನಗೆ ಮನಸ್ಸಾಗಲಿಲ್ಲ. ಅಕ್ಕ ಹಳೆಯ ನೋಟ್‌ಬುಕ್ಕಿನಲ್ಲಿ ಆ ದಿನದ ಪುಟ ತೆಗೆದು, ತಟ್ಟೆ ತಿರುಗಿತ್ತು, ತಪ್ಪು ನನ್ನದು ಎಂದು ಬರೆದು ಸಹಿ ಹಾಕಿದಳು.

ತೊಳೆಯುವ ಕೋಣೆಗೆ ಬಂದವಳಿಗೆ ನಾನು ಸಮಾಧಾನ ಹೇಳಲು ಹೋದೆ. ಅವತ್ತೇ ಸರಿಯಾಗಿ ಸಿಕ್ಕಿದ್ದರೂ ಔಷಧಿ ಆಗುತ್ತಿರಲಿಲ್ಲ, ಅವನು ಉಳಿಯುತ್ತಿರಲಿಲ್ಲ ಎಂದೆ.

"ಗೊತ್ತು ಕಣಪ್ಪ," ಎಂದಳು. "ಅವನು ಉಳೀತಿರಲಿಲ್ಲ. ಆದ್ರೆ ಏನೂ ಇಲ್ವಾ ಅಂತ ಅವನು ಕೇಳ್ದಾಗ, ಇತ್ತು. ನಾನು ಇಲ್ಲ ಅಂದೆ."

ತಟ್ಟೆಯನ್ನು ನನ್ನ ಕೈಗಿಟ್ಟು ಎಸೆಯಲು ಹೇಳಿದಳು. ಈ ಸಲ ಹೇಳಿದ ದಿನವೇ ಎಸೆದೆ.